ಕಟಗಿಗೆ ಕಿವಿ ಬಂದಾವ

ಪಂಚಮಿ ಮುಗಿದು ಎರಡು ದಿನವಾಗಿತ್ತು. ಶಹಾಪುರದಲ್ಲಿ ನಾಲ್ಕು ದಿನ ಜಡಿ ಹಿಡಿದಿದ್ದ ಮಳೆ ಅಂದು ಮುಂಜಾನೆ ಬಿಡುವು ಕೊಟ್ಟಿತ್ತು. ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುವ ನಮ್ಮೂರ ಬೆಟ್ಟ ಹಣೆ, ಮೂಗು, ಗದ್ದ ಎಲ್ಲ ತೊಳೆದುಕೊಂಡು ನಿಚ್ಚಳವಾಗಿತ್ತು. ಚಾದ ಕಪ್ಪು ಹಿಡಿದು ಹಿತ್ತಲಿಗೆ ಬಂದರೆ, ಬೇಲಿಯಾಚೆ ಕಾಕಾ ಕೊಡ್ಲಿಯನ್ನು ನೆಲಕ್ಕೂರಿ, ಬಗ್ಗಿ ಏನನ್ನೋ ನೋಡುತ್ತ ನಿಂತಿದ್ದರು.

“ಮಾಸ್ತರ, ಇತ್ಲಾಗ ಬರ್ರಿ. ಕಟಗಿಗೆ ಕಿವಿ ಬಂದಾವ!”

ನಮ್ಮಿಬ್ಬರ ಹಿತ್ತಲಿನ ನಡುವೆ ಇರುವುದು ಜಾಲಿ ಮುಳ್ಳಿನ ಬೇಲಿ. ಅದರ ಬುಡಕ್ಕೆ ಆನಿಸಿದಂತೆ ಒಂದು ಮಾವಿನ ಬೊಡ್ಡೆ ಬಿದ್ದಿದೆ. ಹೋದ ವರ್ಷ ವೈಶಾಖದ ಬಿರುಗಾಳಿಗೆ ಉರುಳಿದ ಮರ ಅದು. ರೆಂಬೆ ಕೊಂಬೆಯೆಲ್ಲ ಆಗಲೇ ಒಲೆ ಸೇರಿದವು. ಬೊಡ್ಡೆ ಮಾತ್ರ ದಪ್ಪ, ಒಬ್ಬರ ಕೈಗೆ ಬಗ್ಗುವಂಥದ್ದಲ್ಲ ಎಂದು ಉಳಿದುಕೊಂಡಿತ್ತು. ನಾನು ಮುಳ್ಳು ಸರಿಸಿ ಕುಕ್ಕುರುಗಾಲಲ್ಲಿ ಕೂತು ನೋಡಿದೆ. ತೊಗಟೆಯ ಬಿರುಕಿನುದ್ದಕ್ಕೂ ಹೆಬ್ಬೆರಳಿನ ಉಗುರಿನಷ್ಟಗಲದ ಪುಟ್ಟ ಪುಟ್ಟ ಬೀಸಣಿಗೆಗಳು ಸಾಲುಗಟ್ಟಿ ಎದ್ದಿದ್ದವು. ಮೇಲೆ ಬೂದು ಬಣ್ಣದ ತುಪ್ಪಳ, ಎಳೆಯ ಕರುವಿನ ಕಿವಿಯ ಹಾಗೆ.

“ಇವು ಹ್ವಾದ ಮಳಿಗಾಲದಾಗೂ ಇದ್ವು,” ಅಂದರು ಕಾಕಾ. “ಬ್ಯಾಸಗ್ಯಾಗ ಒಣಗಿ ಮುದುಡಿ ಕರಕಾಗಿದ್ವು. ಸತ್ತಾವ ಅಂತ ಬಿಟ್ಟಿದ್ದೆ. ಈಗ ನೋಡ್ರಿ, ಮತ್ತ ಬಿಚ್ಚಿಕೊಂಡಾವ. ಅವೇ ಕಿವಿ, ಅದೇ ಜಾಗಾ.”

ಒಳಗಿನಿಂದ ಚಿಗವ್ವನ ಧ್ವನಿ ಬಂತು: “ಕಿವಿ ನೋಡ್ಕೊಂತ ನಿಂದ್ರಬ್ಯಾಡ್ರಿ. ನಾಡದ ಮಗಳು ಅಳಿಯ ಬರ್ತಾರ, ನೀರೊಲಿಗೆ ಕಟಗಿ ಬೇಕು!”

ಕಾಕಾ ಕೊಡ್ಲಿ ಎತ್ತಿದರು. ನನಗೆ ತಡೆಯಲಾಗಲಿಲ್ಲ.

“ಕಾಕಾ, ಒಂದು ಕಪ್ ಚಾ ಕುಡಿಯೂತನ ತಡೀರಿ. ಇಂಥಾ ಕಟಗಿ ಒಮ್ಮೆ ನನ್ನ ಕಣ್ಣ ಮುಂದ ದೀಪ ಆಗಿತ್ತು. ಅದನ್ನ ಹೇಳ್ತೀನಿ. ಆಮ್ಯಾಲ ಸೀಳೂದು ಬಿಡೂದು ನಿಮಗ ಬಿಟ್ಟಿದ್ದು.”

ನಮ್ಮ ಕಡೆ ಮಾತಿಗೆ ಕರೆದರೆ ಇಲ್ಲ ಅನ್ನುವವರಿಲ್ಲ. ಕಾಕಾ ಬೊಡ್ಡೆಯ ಒಂದು ತುದಿಗೆ ಕೂತರು. ಚಿಗವ್ವ ಸೊಪ್ಪು ಸೋಸುತ್ತ ಹೊಸ್ತಿಲಿಗೆ ಬಂದರು. ಪುಂಡಿಪಲ್ಯದ ಎಲೆ, ಕಡ್ಡಿ ಬೇರೆಯಾಗುತ್ತ ಹೋದಂತೆ ನನ್ನ ಮಾತೂ ಬಿಚ್ಚಿಕೊಂಡಿತು.

ಯಾದಗಿರಿ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ಅದು ಜಿಲ್ಲೆಯಾಗಿದ್ದು 2009ರ ಡಿಸೆಂಬರ್ 30ಕ್ಕೆ. ಅದಕ್ಕೂ ಎಷ್ಟೋ ಮೊದಲು ನನಗೆ ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಮೊದಲ ನೌಕರಿ ಸಿಕ್ಕಿತ್ತು. ಅಲ್ಲಿಂದ ಆಗುಂಬೆ ದೂರವಿಲ್ಲ. ಆಗುಂಬೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಅದರ ಹತ್ತರಲ್ಲೊಂದು ಪಾಲು ಬಿದ್ದರೆ ನಮ್ಮ ಹೊಲದಲ್ಲಿ ತೊಗರಿ ನಗುತ್ತದೆ. ಅಂಥ ನೆಲದಿಂದ ಹೋದವನಿಗೆ ಅಲ್ಲಿಯ ಮಳೆ ಕಂಡು ಮೊದಲ ತಿಂಗಳು ದಿಗಿಲು. ಹಾಸಿಗೆ ಒದ್ದೆ, ಪುಸ್ತಕ ಒದ್ದೆ, ಬೆಂಕಿಕಡ್ಡಿ ಒದ್ದೆ. ಚಪ್ಪಲಿಯ ಮೇಲೆ ಬೂಷ್ಟು, ಚರ್ಮದ ಬೆಲ್ಟಿನ ಮೇಲೆ ಬೂಷ್ಟು.

ಒಂದು ರಾತ್ರಿ ಕರೆಂಟು ಹೋಗಿತ್ತು. ಮೋಡ ಕವಿದು ಚಂದ್ರನೂ ಇಲ್ಲ. ಕೈ ಚಾಚಿದರೆ ಕೈ ಕಾಣದ ಕತ್ತಲು. ಹಿತ್ತಲ ಬಾಗಿಲು ತೆರೆದವನಿಗೆ ಕಾಡಿನಂಚಿನ ನೆಲದ ಮೇಲೆ ಏನೋ ಬೆಳ್ಳಗೆ ಕಂಡಿತು. ಕಣ್ಣು ಕತ್ತಲಿಗೆ ಪಳಗಿದಂತೆ ಆ ಬಿಳುಪು ಹಸಿರಾಯಿತು. ಬಿದ್ದು ಎಷ್ಟೋ ವರ್ಷವಾದ ಒಂದು ದಿಮ್ಮಿ, ಅದರ ಸುತ್ತಲಿನ ಕಡ್ಡಿ, ಎಲೆ, ಎಲ್ಲ ಬೆಳಗುತ್ತಿದ್ದವು. ಹತ್ತಿರ ಹೋಗಲು ಕಾಲು ಬರಲಿಲ್ಲ. ಹೋಗದೆ ಇರಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಬಗ್ಗಿ ಒಂದು ಕಡ್ಡಿ ಎತ್ತಿದೆ. ಬಿಸಿಯಿಲ್ಲ, ಹೊಗೆಯಿಲ್ಲ. ತಣ್ಣಗೆ, ಮೆತ್ತಗೆ, ಮಳೆನೀರು ಕುಡಿದ ಕಡ್ಡಿ. ಅಂಗೈಯಲ್ಲಿ ಹಿಡಿದರೆ ಬೆರಳ ಗೆರೆಗಳು ಕಾಣುವಷ್ಟು ಬೆಳಕು.

“ಮಿಣುಕುಹುಳ ಇದ್ದಾವು,” ಅಂದರು ಕಾಕಾ.

“ನಾನೂ ಹಂಗೇ ಅನ್ಕೊಂಡೆ. ಹುಳ ಅಲ್ಲ ಕಾಕಾ, ಅಣಬಿ. ಕಟಗಿಯೊಳಗ ನೂಲಿನಂಗ ಹಬ್ಬಿದ ಅಣಬಿಯ ಎಳಿ.”

ನಾವು ಅಣಬೆ ಎಂದು ಕರೆಯುವುದು ಅದರ ಹೂವನ್ನಷ್ಟೇ. ಅದರ ಜೀವವೆಲ್ಲ ಇರುವುದು ಮರದೊಳಗೆ, ಮಣ್ಣೊಳಗೆ, ಕೂದಲಿಗಿಂತ ತೆಳುವಾದ ಎಳೆಗಳಲ್ಲಿ. ಆ ಎಳೆ ಮರವನ್ನು ಉಣ್ಣುತ್ತದೆ. ಮರದ ನಾರುಗಳನ್ನು ಗಟ್ಟಿಯಾಗಿ ಹಿಡಿದಿರುವ ಲಿಗ್ನಿನ್ ಎಂಬ ಅಂಟು ಇದೆಯಲ್ಲ, ಅದನ್ನು ಪೂರ್ತಿಯಾಗಿ ಬಿಡಿಸುವ ವಿದ್ಯೆ ಈ ಅಣಬೆ ಕುಲದಷ್ಟು ಬೇರೆ ಯಾವ ಜೀವಿಗೂ ಕರಗತವಾಗಿಲ್ಲ. ಹೀಗೆ ಮರ ಉಣ್ಣುವವುಗಳಲ್ಲಿ ನೂರಕ್ಕೂ ಹೆಚ್ಚು ಜಾತಿಗಳು ಕತ್ತಲಲ್ಲಿ ಬೆಳಗುತ್ತವೆ.

ಬೆಳಗುವುದು ಹೇಗೆಂಬುದನ್ನು ವಿಜ್ಞಾನಿಗಳು ಪೂರ್ತಿಯಾಗಿ ಬಿಡಿಸಿದ್ದು 2018ರಲ್ಲಿ. ಗಿಡಮರಗಳಲ್ಲೆಲ್ಲ ಇರುವ ಕೆಫೀಕ್ ಆಮ್ಲವನ್ನೇ ಅಣಬೆ ಹಂತ ಹಂತವಾಗಿ ಬದಲಿಸಿ ಲೂಸಿಫೆರಿನ್ ಎಂಬ ವಸ್ತು ಮಾಡಿಕೊಳ್ಳುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೆ ಕೂಡಿದಾಗ ಹಸಿರು ಬೆಳಕು. ಬೆಳಗಿ ಮುಗಿದ ವಸ್ತು ತಿರುಗಿ ಕೆಫೀಕ್ ಆಮ್ಲವಾಗಿ ಮೊದಲಿನ ಜಾಗಕ್ಕೆ ಬರುತ್ತದೆ. ಸುಟ್ಟು ಬೂದಿಯಾಗುವ ದೀಪವಲ್ಲ ಅದು, ಸುತ್ತಿ ಸುತ್ತಿ ಬರುವ ದೀಪ. ಈ ದಾರಿ ತಿಳಿದ ಮೇಲೆ 2020ರಲ್ಲಿ ಅಣಬೆಯ ವಂಶವಾಹಿಗಳನ್ನು ತಂಬಾಕಿನ ಗಿಡಕ್ಕೆ ಸೇರಿಸಿದರು. ಇಡೀ ಗಿಡವೇ ಕತ್ತಲಲ್ಲಿ ಬೆಳಗಿತು.

“ಬೆಳಕು ಯಾರ ಸಲುವಾಗಿ?” ಅಂತ ಚಿಗವ್ವ ಕೇಳಿದರು. ಕೈಯಲ್ಲಿನ ಸೊಪ್ಪು ಹಾಗೇ ನಿಂತಿತ್ತು.

ಸರಿಯಾದ ಪ್ರಶ್ನೆ. ಬ್ರೆಜಿಲಿನಲ್ಲಿ ಒಂದು ಬೆಳಗುವ ಅಣಬೆಯ ಮೇಲೆ 2015ರಲ್ಲಿ ಪ್ರಕಟವಾದ ಅಧ್ಯಯನ ನೆನಪಾಯಿತು. ಕೃತಕ ಅಣಬೆಗಳನ್ನು ಮಾಡಿ, ಕೆಲವಕ್ಕೆ ಒಳಗೆ ಹಸಿರು ಎಲ್‌ಇಡಿ ಇಟ್ಟು, ಕೆಲವನ್ನು ಹಾಗೇ ಬಿಟ್ಟು, ಕಾಡಿನಲ್ಲಿ ನಿಲ್ಲಿಸಿದರು. ಬೆಳಗುವ ಅಣಬೆಗೆ ಹೆಚ್ಚು ಹುಳ ಬಂದವು. ಗಾಳಿಯಾಡದ ದಟ್ಟ ಕಾಡಿನ ಬುಡದಲ್ಲಿ ಬೀಜದ ಪುಡಿಯನ್ನು ಹೊತ್ತೊಯ್ಯಲು ಹುಳುಗಳನ್ನು ಕರೆಯುವ ದೀಪ ಅದು. ಆದರೆ ತೊಗಟೆಯೊಳಗೆ ಅಡಗಿದ ಎಳೆಗಳೂ ಬೆಳಗುತ್ತವೆ, ಅಲ್ಲಿ ಹೊತ್ತೊಯ್ಯಲು ಬೀಜವೇ ಇಲ್ಲ. ಹಾಗಾಗಿ ಈ ಒಂದು ಉತ್ತರ ಎಲ್ಲ ಬೆಳಕಿಗೂ ಸಾಲುವುದಿಲ್ಲ.

“ಮಂದಿಗೆ ಇದು ಹೊಸಾದಲ್ಲ ಚಿಗವ್ವ,” ಅಂದೆ. “1775ರಾಗ ಅಮೆರಿಕದವರು ಕಟಗಿಯಿಂದ ಒಬ್ಬನೇ ಕೂಡೂವಷ್ಟು ಸಣ್ಣ ಜಲಾಂತರ್ಗಾಮಿ ಮಾಡಿದ್ರು. ‘ಆಮೆ’ ಅಂತ ಅದಕ್ಕ ಹೆಸರು. ನೀರಿನ ತಳದಾಗ ದೀಪ ಹಚ್ಚಿದ್ರ ಉಸಿರಿನ ಗಾಳಿ ತೀರಿ ಹೋಗ್ತದ. ಅದಕ್ಕ ದಿಕ್ಸೂಚಿ ಕಾಣಾಕ ಇಂಥಾ ಬೆಳಗೂ ಕಟಗಿ ಚೂರು ಇಟ್ಟಿದ್ರು.”

ಬ್ರೆಜಿಲಿನ ಕತೆಯನ್ನೂ ಹೇಳಿದೆ. 1839ರಲ್ಲಿ ಜಾರ್ಜ್ ಗಾರ್ಡ್ನರ್ ಎಂಬ ಸಸ್ಯಶಾಸ್ತ್ರಜ್ಞ ಅಲ್ಲಿಯ ನಾಟಿವಿಡಾಡೆ ಎಂಬ ಊರಿನ ಬೀದಿಯಲ್ಲಿ ರಾತ್ರಿ ಹೋಗುತ್ತಿದ್ದಾಗ ಹುಡುಗರು ಏನೋ ಬೆಳಗುವ ವಸ್ತು ಹಿಡಿದು ಆಡುತ್ತಿದ್ದರಂತೆ. ದೊಡ್ಡ ಮಿಣುಕುಹುಳ ಇರಬೇಕು ಎಂದುಕೊಂಡು ಹೋಗಿ ನೋಡಿದರೆ ಅಣಬೆ. ಗಿಡ್ಡ ತಾಳೆಯ ಕೊಳೆತ ಗರಿಗಳ ಮೇಲೆ ಏಳುವುದರಿಂದ ಊರವರು ಅದನ್ನು ‘ತೆಂಗಿನ ಹೂ’ ಎಂದು ಕರೆಯುತ್ತಿದ್ದರು. ಮುಂದೆ ಆ ಅಣಬೆಗೆ ಅವನ ಹೆಸರೇ ಉಳಿಯಿತು. ಆದರೆ ಅದನ್ನು ಮೊದಲು ಕಂಡವರು ಬೀದಿಯ ಹುಡುಗರು.

“ನಮ್ಮ ದೇಶದಾಗೂ ಅದಾವೇನು?”

“ಅದಾವ ಕಾಕಾ. 2024ರ ಮಳಿಗಾಲದಾಗ ಕಾಸರಗೋಡು ಜಿಲ್ಲಾದ ರಾಣಿಪುರಂ ಕಾಡಿನಾಗ ಒಂದು ಸಿಕ್ಕು ಸುದ್ದಿ ಆತು. ಆ ಕಾಡಿಗೆ ನಮ್ಮ ಕೊಡಗಿನ ತಲಕಾವೇರಿ ಕಾಡು ಹತ್ತೇ ಅದ.”

ಅಲ್ಲಿಯ ಅರಣ್ಯ ಇಲಾಖೆಯವರೂ ಅಣಬೆ ಅಭ್ಯಾಸ ಮಾಡುವವರೂ ಕೂಡಿ ನಡೆಸಿದ ಸಮೀಕ್ಷೆಯಲ್ಲಿ ಅದು ಕಂಡಿತ್ತು. ಹೆಸರು ಫಿಲೊಬೊಲೆಟಸ್ ಮ್ಯಾನಿಪುಲಾರಿಸ್. ಕೊಳೆತ ಮರದ ಮೇಲೆ ಗುಂಪು ಗುಂಪಾಗಿ ಏಳುತ್ತದೆ. ಸಾಮಾನ್ಯ ಅಣಬೆಯ ಕೊಡೆಯ ಕೆಳಗೆ ಪುಸ್ತಕದ ಹಾಳೆಗಳ ಹಾಗೆ ಪದರಗಳಿದ್ದರೆ ಇದರ ಕೆಳಗೆ ಜರಡಿಯ ಹಾಗೆ ತೂತುಗಳು. ಹಗಲು ಹೊತ್ತು ಬಿಳಿಚಿಕೊಂಡ ಬಡ ಅಣಬೆ, ಇರುಳಾದರೆ ಹಸಿರು ದೀಪ. ತುಳುವರು ಅಣಬೆಗೆ ಲಾಂಬು ಅನ್ನುತ್ತಾರೆ, ಕೊಡವರು ಕುಮ್ಮು ಅನ್ನುತ್ತಾರೆ. ನೆಲ ಒದ್ದೆಯಿದ್ದಲ್ಲೆಲ್ಲ ಅಣಬೆಗೆ ಹೆಸರು ಹೆಚ್ಚು.

ಇನ್ನೊಂದು ಸಂಗತಿ ಹೇಳಿದಾಗ ಚಿಗವ್ವ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟೇಬಿಟ್ಟರು. ಕುದುರೆಮುಖದ ಬುಡದಲ್ಲಿ, ಕಾರ್ಕಳ ತಾಲೂಕಿನಲ್ಲಿ ಮಾಳ ಎಂಬ ಊರಿದೆ. 2023ರ ಜೂನ್ 19ರಂದು ಡಬ್ಲ್ಯೂಡಬ್ಲ್ಯೂಎಫ್ ಇಂಡಿಯಾದಲ್ಲಿ ನದಿ, ಜೌಗುಗಳ ಕೆಲಸ ಮಾಡುತ್ತಿದ್ದ ಲೋಹಿತ್ ವೈ.ಟಿ. ಅವರು ಗೆಳೆಯರೊಂದಿಗೆ ಕಪ್ಪೆ, ಹಾವು ನೋಡಲು ಅಲ್ಲಿಗೆ ಹೋಗಿದ್ದರು. ರಸ್ತೆಬದಿಯ ಮಳೆನೀರಿನ ಹೊಂಡದಲ್ಲಿ ಬಂಗಾರದ ಬೆನ್ನಿನ ಕಪ್ಪೆಗಳು, ಸುಮಾರು 40. ಒಂದು ಕಡ್ಡಿಯ ಮೇಲೆ ಕೂತ ಕಪ್ಪೆಯ ಪಕ್ಕೆಯಲ್ಲಿ ಏನೋ ಬೆಳ್ಳಗೆ ಕಂಡಿತು. ನೋಡಿದರೆ ಪುಟ್ಟ ಅಣಬೆ! ಕಪ್ಪೆ ಜೀವಂತ ಇತ್ತು, ಓಡಾಡುತ್ತಿತ್ತು. ಅವರು ಅದನ್ನು ಹಿಡಿಯಲಿಲ್ಲ, ಚಿತ್ರ ತೆಗೆದುಕೊಂಡು ಬಿಟ್ಟು ಬಂದರು. ಚಿತ್ರ ಕಂಡ ಅಣಬೆ ತಜ್ಞರು ಅದು ಮೈಸೀನಾ ಕುಲದ್ದು ಎಂದು ಗುರುತಿಸಿದರು. 2024ರ ಜನವರಿಯಲ್ಲಿ ಅದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು.

“ಜೀವಂತ ಕಪ್ಪಿ ಮೈಮ್ಯಾಗ?”

“ಹೌದು ಚಿಗವ್ವ. ಮೈಸೀನಾ ಅಂದ್ರ ಕೊಳತ ಕಟಗಿ ಮ್ಯಾಲ ಬದುಕೂ ಅಣಬಿ. ಕತ್ತಲದಾಗ ಬೆಳಗೂ ಅಣಬಿಗಳಾಗ ಭಾಳ ಜಾತಿ ಇದೇ ಕುಲದವು. ಅದು ಜೀವಂತ ಪ್ರಾಣಿ ಮೈಮ್ಯಾಗ ಎದ್ದದ್ದು ಯಾರೂ ಕಂಡಿದ್ದಿಲ್ಲ, ಕೇಳಿದ್ದಿಲ್ಲ.”

ಚಿಗವ್ವ ಒಂದು ಗಳಿಗೆ ಸುಮ್ಮನಿದ್ದು, “ಪಾಪ, ಅದಕ್ಕ ಭಾರ ಆಗಿಲ್ಲೇನು?” ಅಂದರು. ಲೋಕದ ವಿಜ್ಞಾನಿಗಳಿಗೆಲ್ಲ ಅಣಬೆಯ ಬಗ್ಗೆ ಅಚ್ಚರಿ. ನಮ್ಮ ಚಿಗವ್ವನಿಗೆ ಕಪ್ಪೆಯ ಬಗ್ಗೆ ಕನಿಕರ. ಆ ಮಾತು ಇನ್ನೂ ನನ್ನ ಮನಸ್ಸಿನಲ್ಲಿದೆ.

ಕಾಕಾ ಮಾತ್ರ ನನ್ನ ಕಡ್ಡಿಯನ್ನು ಮರೆತಿರಲಿಲ್ಲ. “ಆ ಬೆಳಗೂ ಕಡ್ಡಿ ಏನ್ ಮಾಡಿದ್ರಿ?”

ಹೇಳಬೇಕಾಗಿದ್ದೂ ಅದೇ. ಆ ವರ್ಷ ಪಂಚಮಿಗೆ ರಜೆ ಹಾಕಿ ಊರಿಗೆ ಹೊರಟೆ. ಅವ್ವನಿಗೆ ತೋರಿಸಬೇಕೆಂದು ಬೆಳಗುವ ಒಂದು ಮೊಳ ಕಡ್ಡಿಯನ್ನು ಹಸಿ ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಪೇಪರ್ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಶಿವಮೊಗ್ಗ, ಹೊಸಪೇಟೆ, ಲಿಂಗಸೂಗೂರು. ಊರಿಂದ ಊರಿಗೆ ಗಾಳಿ ಒಣಗುತ್ತ ಬಂತು. ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆ ದಾಟಿ, ಸುರಪುರದ ಗುಡ್ಡಗಳ ನಡುವೆ ಬಸ್ಸು ಬಂದಾಗ ಬಿಸಿಲಿಗೆ ಬಂಡೆಗಳು ಹೊಳೆಯುತ್ತಿದ್ದವು. ಆ ಸಲ ನಮ್ಮ ಕಡೆ ಮಳೆ ಕೈಕೊಟ್ಟಿತ್ತು. ಹೊಲ ಬಿರುಕು ಬಿಟ್ಟಿದ್ದವು.

ರಾತ್ರಿ ದೀಪ ಆರಿಸಿ, ಅವ್ವನನ್ನು ಎದುರಿಗೆ ಕೂಡಿಸಿಕೊಂಡು ಬಾಳೆಎಲೆ ಬಿಚ್ಚಿದೆ. ಕತ್ತಲು. ಮತ್ತೆ ಕಣ್ಣು ತಿಕ್ಕಿಕೊಂಡು ನೋಡಿದೆ. ಕತ್ತಲು. ಕಡ್ಡಿ ಒಣಗಿ ಕಡ್ಡಿಯೇ ಆಗಿತ್ತು. ನನಗೆ ಅಳು ಬರುವುದೊಂದೇ ಬಾಕಿ. ಅವ್ವ ಕತ್ತಲಲ್ಲೇ ಅದನ್ನು ಸವರಿ ನೋಡಿ, “ನೀರಿನ ಊರಿನ ದೀಪ ಇದು ಮಗನ. ನಮ್ಮೂರಾಗ ಹ್ಯಾಂಗ ಹತ್ತಬೇಕು?” ಅಂದಳು. ಅಂದವಳು ಅದನ್ನು ಒಲೆಗೆ ಹಾಕಲಿಲ್ಲ. ಬಚ್ಚಲ ನೀರು ಹೋಗುವ ಹಸಿಯಲ್ಲಿ, ಬಾಳೆಯ ಬುಡಕ್ಕೆ ಇಟ್ಟಳು. ನಾನು ರಜೆ ಮುಗಿಸಿ ಹೋದೆ. ಮುಂದಿನ ಸಲ ಬಂದು ಕೇಳಿದರೆ, “ಒರಲಿ ತಿಂದು ಹ್ವಾತು” ಅಂದಳು.

ಅಷ್ಟು ದೂರದಿಂದ ಹೊತ್ತು ತಂದದ್ದು ಒರಲೆಯ ಬಾಯಿಗೆ ಬಿತ್ತಲ್ಲ ಎಂಬ ನೋವು ನನ್ನಲ್ಲಿ ಎಷ್ಟೋ ವರ್ಷ ಉಳಿದಿತ್ತು.

ಕಾಕಾ ಬೊಡ್ಡೆಯ ಮೇಲೆ ಕೈಯಾಡಿಸುತ್ತ ಅಂದರು: “ಮಾಸ್ತರ, ಒರಲಿ ಅಂದಕೂಡ್ಲೆ ನೆನಪಾತು. ನಾವು ಸಣ್ಣವರಿದ್ದಾಗ ಬೋನಾಳ ಕೆರಿ ಕಡೆ ನಮ್ಮ ಹೊಲದಾಗ ಒಂದು ದೊಡ್ಡ ಹುತ್ತ ಇತ್ತು. ಮಿರಗಾ ಮಳಿ ಚಲೋ ಆದ್ರ ಅದರ ಬದೀಲೆ ಅಣಬಿ ಏಳ್ತಿದ್ವು. ಬೆಳ್ಳಗ, ನಡುಕ ಚೂಪು. ಕೀಳಾಕ ಹೋದ್ರ ಬೇರು ಮೊಳಕೈತನ ಒಳಗ. ಬುಡ ಮುಟ್ಟೂದೇ ಇಲ್ಲ. ನಮ್ಮಪ್ಪ ಹೇಳ್ತಿದ್ದ, ಅದರ ಬೇರು ಹುತ್ತದ ಹೊಟ್ಟಿಯೊಳಗ ಅದ ಅಂತ.”

“ನಿಮ್ಮಪ್ಪ ಹೇಳಿದ್ದು ಅಕ್ಷರಾ ಖರೇ ಕಾಕಾ.”

ಕಾಕಾನ ಮುಖ ಅರಳಿತು. ಆ ಹುತ್ತದ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ನಾನು ಬಹಳ ತಡವಾಗಿ ಓದಿ ತಿಳಿದೆ. ತಿಳಿದ ದಿನ ಅವ್ವ ಇರಲಿಲ್ಲ. ಇದ್ದಿದ್ದರೆ ಓಡಿಹೋಗಿ ಮೊದಲು ಅವಳಿಗೇ ಹೇಳುತ್ತಿದ್ದೆ.

ಹುತ್ತ ಕಟ್ಟುವ ಒರಲೆಗೆ ಒಣ ಕಟ್ಟಿಗೆಯನ್ನು ಪೂರ್ತಿ ಅರಗಿಸಿಕೊಳ್ಳಲು ಬರುವುದಿಲ್ಲ. ಅದಕ್ಕೆ ಅದು ಬೇಸಾಯ ಮಾಡುತ್ತದೆ. ಕಟ್ಟಿಗೆ, ಕಡ್ಡಿ, ಒಣಹುಲ್ಲು ಕಡಿದು ತಿಂದು, ಗೂಡಿಗೆ ಬಂದು ಹಿಕ್ಕೆ ಹಾಕಿ, ಅದನ್ನೇ ಜೇನುಹಟ್ಟಿಯ ಹಾಗೆ ತೂತುತೂತಾದ ಹಟ್ಟಿಯಾಗಿ ಕಟ್ಟುತ್ತದೆ. ಆ ಹಟ್ಟಿಯೇ ಅದರ ಹೊಲ. ಬೆಳೆ ಯಾವುದು? ಅಣಬೆ. ಟರ್ಮಿಟೊಮೈಸಿಸ್ ಎಂದು ಅದರ ಕುಲದ ಹೆಸರು. ಆ ಹೆಸರಿಟ್ಟವನು ಫ್ರಾನ್ಸಿನ ರೋಜರ್ ಹೈಮ್, 1942ರಲ್ಲಿ. ಅಣಬೆ ಮರದ ಗಟ್ಟಿ ಅಂಟನ್ನು ಬಿಡಿಸಿ ಮೆತ್ತಗೆ ಮಾಡುತ್ತದೆ, ಸಾಸಿವೆ ಕಾಳಿನಂಥ ಬಿಳಿ ಗಂಟುಗಳನ್ನು ಬಿಡುತ್ತದೆ. ಒರಲೆ ಆ ಗಂಟನ್ನೂ ಹದವಾದ ಹಟ್ಟಿಯನ್ನೂ ಉಣ್ಣುತ್ತದೆ. ಮನುಷ್ಯ ಬಿತ್ತಲು ಕಲಿತು ಹತ್ತು ಹನ್ನೆರಡು ಸಾವಿರ ವರ್ಷವಾಗಿರಬಹುದು. ಒರಲೆ ಈ ಕಲೆ ಕಲಿತು ಸುಮಾರು 3 ಕೋಟಿ ವರ್ಷ.

ಇನ್ನು ಹುತ್ತದ ಗೋಡೆ. ಹೊರಗೆ ಬಿಸಿಲು 40 ಡಿಗ್ರಿ ದಾಟಿ ನೆಲ ಕಾದ ಹೆಂಚಾದಾಗಲೂ ಒಳಗಿನ ಅಣಬೆಯ ಹೊಲದಲ್ಲಿ ಸುಮಾರು 30 ಡಿಗ್ರಿ. ಗಾಳಿಯಲ್ಲಿ ತುಂಬಿ ತುಳುಕುವ ಪಸೆ. ಒರಲೆಗಳು ನೆಲದಾಳದಿಂದ ಹಸಿ ಮಣ್ಣು, ನೀರು ತಂದು ಆ ಪಸೆ ಕಾಯುತ್ತವೆ. ಭಾರತದ ಹುತ್ತಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹುತ್ತ ಉಸಿರಾಡುವ ಬಗೆಯನ್ನು ತೋರಿಸಿತು. ಹಗಲು ಹುತ್ತದ ಹೊರ ಏಣುಗಳು ಬೇಗ ಕಾದು, ಅಲ್ಲಿಯ ಗಾಳಿ ಮೇಲೇರಿ, ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಅದೇ ಗಾಳಿ ತಿರುಗಿ ಹರಿಯುತ್ತದೆ. ಹಗಲಿಗೊಮ್ಮೆ ಇರುಳಿಗೊಮ್ಮೆ ಹುತ್ತ ಉಸಿರೆಳೆದು ಬಿಡುತ್ತದೆ.

“ಕಾಕಾ, ಆಗುಂಬಿ ಕಾಡಿನಾಗ ಕತ್ತಲ, ತಂಪು, ಪಸಿ, ಕೊಳತ ಕಟಗಿ, ಅಣಬಿ ಏನೇನು ಇತ್ತೋ ಅಷ್ಟೂ ನಮ್ಮ ಹುತ್ತದೊಳಗ ಅದ. ಅಲ್ಲಿ ಕಟಗಿ ಇದ್ದಲ್ಲಿಗೆ ಮಳಿ ಬರ್ತದ. ಇಲ್ಲಿ ಮಳಿ ಬರಲಿಲ್ಲಂದ್ರ ಒರಲಿ ಕಟಗೀನ ಪಸಿ ಇದ್ದಲ್ಲಿಗೆ ಹೊತಗೊಂಡು ಹೋಗ್ತದ. ಮಳಿಕಾಡು ನಮ್ಮಲ್ಲಿ ಇಲ್ಲ ಅಂತ ನಾ ಭಾಳ ವರ್ಷ ಕೊರಗಿದೆ. ಇತ್ತು ಕಾಕಾ. ಕಾಲ ಕೆಳಗ ಇತ್ತು.”

ಇಬ್ಬರೂ ಮಾತಾಡಲಿಲ್ಲ. ಬೆಟ್ಟದ ಮೇಲೆ ಮೋಡದ ನೆರಳು ನಿಧಾನ ಸರಿಯಿತು.

ಚಿಗವ್ವ ಮೆಲ್ಲಗೆ ಅಂದರು: “ಹಂಗಾದ್ರ ಮೊನ್ನಿ ಪಂಚಮಿಗೆ ನಾ ಹುತ್ತಕ್ಕ ಹಾಲು ಎರದದ್ದು ಒಂದು ಹೊಲಕ್ಕ ಆತು.”

“ಹೌದು ಚಿಗವ್ವ. ಹಾಲು ಎರಡು ಹನಿ ಎರದು ಕೈ ಮುಗದ್ರ ಸಾಕು. ಹೊಲಾ ಅವು ನೋಡ್ಕೊಂತಾವ. ಹಡ್ಡದಿದ್ರ, ಬೆಂಕಿ ಹಾಕದಿದ್ರ ಅದೇ ದೊಡ್ಡ ಪೂಜಿ.”

ಒರಲೆ ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂದು ನಾವು ಮರುಕದಿಂದ ಆಡುವ ಮಾತಿದೆ. ಮನೆ ಕಟ್ಟಿದವರಿಗೆ ಅನ್ಯಾಯವಾಯಿತು ಎಂಬ ಅರ್ಥದಲ್ಲಿ. ಆದರೆ ಹುತ್ತದ ಲೆಕ್ಕ ಬೇರೆ. ಒರಲೆ ಕಟ್ಟಿದ್ದರಲ್ಲಿ ಅಣಬೆ ಉಂಡಿತು, ಅಣಬೆ ಹದ ಮಾಡಿದ್ದನ್ನು ಒರಲೆ ಉಂಡಿತು, ಮಿರಗಾ ಮಳೆಗೆ ಮೇಲೆದ್ದ ಅಣಬೆಯನ್ನು ಕಾಕಾನ ಮನೆಯವರು ಉಂಡರು, ಹಾಳುಬಿದ್ದ ಹುತ್ತದಲ್ಲಿ ಹಾವು ತಂಪು ಕಂಡಿತು. ಕೆಡವಿದ ಹುತ್ತದ ಮಣ್ಣನ್ನು ರೈತ ಹೊಲಕ್ಕೆ ಚೆಲ್ಲಿದ. ಯಾರ ದುಡಿಮೆಯೂ ಅಲ್ಲಿ ವ್ಯರ್ಥವಾಗಿಲ್ಲ.

“ಈ ಕಿವಿ ತಿನ್ನಾಕ ಬರ್ತಾವೇನು?” ಅಂತ ಚಿಗವ್ವ ಕೇಳಿದರು.

“ಮಣಿಪುರದಾಗ ತಿಂತಾರ. ಕಾಂಗ್ಲಯೆನ್ ಅಂತಾರ ಅದಕ್ಕ. ಆದ್ರ ಅವರಿಗೆ ಅದು ಅಜ್ಜಿ ಕಾಲದಿಂದ ಗುರುತು. ನಮಗ ಗುರುತಿಲ್ಲದ್ದು ಬ್ಯಾಡ. ಹುಳ ತಿಂದ ಅಣಬಿ ಮನುಷ್ಯಾನೂ ತಿನ್ನಬಹುದು, ಬೆಳ್ಳಿ ಹಾಕಿದ್ರ ವಿಷ ಗೊತ್ತಾಗ್ತದ, ಇವೆಲ್ಲ ಮಾತು ನಂಬಿ ಜೀವ ಕಳಕೊಂಡವರದಾರ. ಬಲ್ಲವರು ಕಿತ್ತು ಕೊಟ್ಟದ್ದಷ್ಟೇ ಊಟಕ್ಕ. ಉಳಿದದ್ದು ಕಣ್ಣಿಗೆ.”

ಆಮೇಲೆ ನಾನು ಒಂದು ಕಿವಿಯನ್ನು ಮೆಲ್ಲಗೆ ಮೇಲೆತ್ತಿ ಅದರ ಅಡಿಯನ್ನು ಇಬ್ಬರಿಗೂ ತೋರಿಸಿದೆ. ಬೀಸಣಿಗೆಯ ಕಡ್ಡಿಗಳ ಹಾಗೆ ನಸುಗೆಂಪು ಪದರಗಳು. ಪ್ರತಿ ಪದರದ ಅಂಚೂ ಉದ್ದಕ್ಕೆ ಸೀಳಿ ಎರಡಾಗಿದೆ. ಶೈಜೋಫಿಲಮ್ ಕಮ್ಯೂನ್ ಎಂದು ಇದರ ಹೆಸರು. ಸೀಳಿದ ಪದರದ್ದು ಎಂದೇ ಅದರ ಅರ್ಥ. ಮಳೆಕಾಡಿನ ದಿಮ್ಮಿಯ ಮೇಲೂ ಇರುತ್ತದೆ, ಮರುಭೂಮಿಯ ಅಂಚಿನ ಕಟ್ಟಿಗೆಯ ಮೇಲೂ ಇರುತ್ತದೆ. ಅಂಟಾರ್ಕ್ಟಿಕಾ ಬಿಟ್ಟರೆ ಎಲ್ಲ ಖಂಡಗಳಲ್ಲೂ ಇದೆ. ಹೆಣ್ಣು ಗಂಡು ಎಂದು ನಮ್ಮಲ್ಲಿ ಎರಡು ಬಗೆಯಾದರೆ ಇದರಲ್ಲಿ ಕೂಡುವಿಕೆಯ ಬಗೆಗಳು 20,000ಕ್ಕೂ ಹೆಚ್ಚು. ಆದ್ದರಿಂದ ಎಲ್ಲಿ ಹೋದರೂ ಇದಕ್ಕೆ ಜೋಡಿ ಸಿಗುತ್ತದೆ.

ಇದರ ದೊಡ್ಡ ಗುಣ ಬರ ತಡೆಯುವುದು. ಗಾಳಿ ಒಣಗಿದ ಕೂಡಲೆ ಆ ಸೀಳಿದ ಅಂಚುಗಳು ಒಂದೊಂದು ಒಂದೊಂದು ಕಡೆ ಸುರುಳಿ ಸುತ್ತಿಕೊಂಡು ಬೀಜದ ಪದರವನ್ನು ಒಳಗೆ ಮುಚ್ಚಿಕೊಳ್ಳುತ್ತವೆ. ಇಡೀ ಅಣಬೆ ಮುದುಡಿ ಗಟ್ಟಿಯಾಗುತ್ತದೆ. ಉಳಿದ ಅಣಬೆಗಳು ಒಂದೆರಡು ದಿನದಲ್ಲಿ ಕೊಳೆತು ನೀರಾದರೆ ಇದು ತಿಂಗಳುಗಟ್ಟಲೆ ಹಾಗೇ ಕಾಯುತ್ತದೆ. ಮಳೆಯ ನಾಲ್ಕು ಹನಿ ಬಿದ್ದರೆ ಕೆಲವು ಗಂಟೆಯಲ್ಲೇ ಬಿಚ್ಚಿಕೊಂಡು ಮತ್ತೆ ಬೀಜ ತೂರತೊಡಗುತ್ತದೆ. ಒಣಗಿಸಿ ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟಿದ್ದ ಇಂಥ ಅಣಬೆಗಳು ಅರ್ಧ ಶತಮಾನ ಕಳೆದ ಮೇಲೂ ನೀರು ತಾಗಿಸಿದಾಗ ಜೀವ ಹಿಡಿದಿವೆ.

ಕಾಕಾ ಬಹಳ ಹೊತ್ತು ಆ ಕಿವಿಗಳನ್ನೇ ನೋಡಿದರು. ಅವರ ದೊಡ್ಡ ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಸುಗ್ಗಿ ಮುಗಿದ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋದವನು ಮಿರಗಾ ಕೂಡುತ್ತಲೇ ಬಂದು ಬಿತ್ತಿದ್ದ. ಈಗ ಹೊಲದಲ್ಲಿ ಎಡೆ ಹೊಡೆಯುತ್ತಿದ್ದ. ನಮ್ಮ ಯಾದಗಿರಿ, ಶಹಾಪುರ, ಸುರಪುರದ ಎಷ್ಟು ಮನೆಗಳಲ್ಲಿ ಬೇಸಿಗೆಗೆ ಕೀಲಿ ಬೀಳುತ್ತದೆ, ಮಳೆಗೆ ಬಾಗಿಲು ತೆರೆಯುತ್ತದೆ ಎಂಬುದನ್ನು ಈ ಸೀಮೆಯವರಿಗೆ ಹೇಳಬೇಕಿಲ್ಲ.

“ನಮ್ಮ ಮಂದೀನೂ ಹಿಂಗೇ ಅಲ್ಲೇನ್ರಿ ಮಾಸ್ತರ,” ಅಂದರು. “ಬ್ಯಾಸಗ್ಯಾಗ ಮುದುಡಿಕೊಂಡು ಎಲ್ಲೋ ಜೀವ ಹಿಡಕೊಂಡಿರ್ತಾವ. ಮಳಿ ಬಿತ್ತಂದ್ರ ಬಂದು ಬಿಚ್ಚಿಕೊಂತಾವ. ನೋಡಿದವರು ಸತ್ತಾವ ಅಂತಾರ. ಸತ್ತಿರೂದಿಲ್ಲ.”

ಆ ಮಾತಿಗೆ ಸೇರಿಸುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಮಲೆನಾಡಿನ ಕಡ್ಡಿ ಇಲ್ಲಿ ಬೆಳಗಲಿಲ್ಲ ಎಂದು ನಾನು ದುಃಖಪಟ್ಟಿದ್ದೆ. ಇಲ್ಲಿಯ ಕಟ್ಟಿಗೆಗೆ ಇಲ್ಲಿಯದೇ ಅಣಬೆ ಇದೆ ಎಂಬುದನ್ನು ಕಾಣಲು ಇಷ್ಟು ವರ್ಷ ಬೇಕಾಯಿತು. ಅದು ಬೆಳಗುವುದಿಲ್ಲ, ಕಾಯುತ್ತದೆ. ಬೆಳಗುವುದು ದೊಡ್ಡದು ನಿಜ. ಆದರೆ ನಮ್ಮ ನೆಲದಲ್ಲಿ ಕಾಯುವುದೂ ಅಷ್ಟೇ ದೊಡ್ಡದು.

ಅವ್ವನ ಕಡ್ಡಿಯ ಲೆಕ್ಕವೂ ಆ ಮುಂಜಾನೆ ನನ್ನೊಳಗೆ ಸರಿಹೋಯಿತು. ಒರಲೆ ಅದನ್ನು ಹಾಳುಮಾಡಲಿಲ್ಲ. ಕಡಿದು, ಹೊತ್ತು, ನೆಲದೊಳಗಿನ ತಂಪಿಗೆ ಒಯ್ದು, ಇನ್ನೊಂದು ಅಣಬೆಯ ಹೊಲಕ್ಕೆ ಹಾಕಿತು. ಪಸೆಯ ಕಾಡಿನಿಂದ ಬಂದ ಕಡ್ಡಿ ಕೊನೆಗೂ ಪಸೆಯನ್ನೇ ಸೇರಿತು. ಅವ್ವ ಅದನ್ನು ಒಲೆಗೆ ಹಾಕದೆ ಹಸಿಯಲ್ಲಿಟ್ಟಿದ್ದರಿಂದ.

ಕಾಕಾ ಎದ್ದರು. ಕೊಡ್ಲಿಯನ್ನು ಗೋಡೆಗೆ ಆನಿಸಿ ಚಿಗವ್ವನ ಕಡೆ ನೋಡಿದರು. ಚಿಗವ್ವ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋಗುತ್ತ, “ಕಟಗಿ ಅಡ್ಡೆಯಿಂದ ಒಂದು ಹೊರಿ ತರ್ರಿ. ಅದು ಅಲ್ಲೇ ಬಿದ್ದಿರ್ಲಿ,” ಅಂದರು. ಒಳಗೆ ಹೋದವರು ತಿರುಗಿ ಬಂದರು. ಸೊಪ್ಪು ತೊಳೆದ ನೀರಿನ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಾವಿನ ಬೊಡ್ಡೆಯ ಉದ್ದಕ್ಕೂ ಈ ತುದಿಯಿಂದ ಆ ತುದಿಯವರೆಗೆ, ಹುತ್ತಕ್ಕೆ ಹಾಲೆರೆದಷ್ಟೇ ನಿಧಾನವಾಗಿ ಎರೆದರು.